ಮಡಿಕೆಯ ಆಚೆಯ ಕೋಣೆ

ಜೂನ್ ೩

ಯಾಕಮ್ಮಾ,

ನಾನು ಚೆನ್ನಾಗಿದ್ದೇನೆ. ಹೊಲಿಗೆ ಮಿಷನ್ನೂ ಚೆನ್ನಾಗಿದೆ. ಶಾಲೆ ಶುರುವಾಗುವ ಕಾಲವಲ್ಲವೇ, ಸಮವಸ್ತ್ರದ ಚಡ್ಡಿಗಳ ಗುಡ್ಡೆಯ ನಡುವೆ ಕೂತು, ಕತ್ತರಿ ಬದಿಗಿಟ್ಟು ಬರೆಯುತ್ತಿದ್ದೇನೆ.

ಒಂದು ವಿಷಯ ಕೇಳಬೇಕು, ನಗಬಾರದು. ಶಾಲೆಯ ದೊಡ್ಡ ಮೇಡಂ ತಮ್ಮ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದಾರೆ. ಏಪ್ರಿಲ್‌ನಲ್ಲಿ ನಾವು ಮನೆ ಬದಲಾಯಿಸಿದೆವಲ್ಲ, ಈ ಹೊಸ ಮನೆಯ ಬೀದಿಗೆ ಇಂಟರ್ನೆಟ್ ತಂತಿ ಬಂದಿದೆ. ತಂತಿಯವನು ಬಂದು ಗೋಡೆಗೆ ತೂತು ಕೊರೆದು, "ಇನ್ನು ರೌಟರ್ ನೀವೇ ತಗೋಬೇಕು" ಎಂದು ಹೇಳಿ ಹೋದ. ಅಂಗಡಿಗೆ ಹೋದರೆ ಒಂದಕ್ಕೆ ಎರಡು ಕೊಂಬು, ಇನ್ನೊಂದಕ್ಕೆ ನಾಲ್ಕು ಕೊಂಬು, ಮತ್ತೊಂದು ಬೋಳುಬೋಳಾಗಿ ಸೋಪಿನ ಡಬ್ಬಿಯ ಹಾಗಿದೆ. "ಯಾವುದು ಒಳ್ಳೇದಪ್ಪಾ?" ಎಂದರೆ ಅಂಗಡಿಯವನು, "ಎಲ್ಲಾ ಒಳ್ಳೇದೇ ಅಕ್ಕಾ" ಎನ್ನುತ್ತಾನೆ. ನಾನು ಯಾರಿಗಾದರೂ ಎಲ್ಲ ಬಟ್ಟೆಯೂ ಒಳ್ಳೆಯದೇ ಎಂದಿದ್ದರೆ ಇಷ್ಟು ವರ್ಷ ಅಂಗಡಿ ನಡೆಯುತ್ತಿತ್ತೇ? ತಲೆ ಚಿಟ್ಟು ಹಿಡಿದು ಬರಿಗೈಯಲ್ಲಿ ಬಂದೆ.

ಕೊಂಬು ಹೆಚ್ಚಿದ್ದರೆ ಹೆಚ್ಚು ಬರುತ್ತದೆಯೇ? ಅದು ಗೋಡೆಯೊಳಗೆ ಹೇಗೆ ತೂರುತ್ತದೆ? ತೂರುವಾಗ ನಮ್ಮ ಮೈಯೊಳಗೂ ಹೋಗುತ್ತದೆಯೇ? ಟ್ರಯಲ್ ಮಾಡುವ ಆಳೆತ್ತರದ ಕನ್ನಡಿ ಇದೆಯಲ್ಲ, ಅದಕ್ಕೆ ಬಡಿದು ವಾಪಸ್ ಬರುತ್ತದೆಯೇ? ಎಲ್ಲ ಬರೆ. ನನಗೆ ಹೊಸ ಕಟಿಂಗ್ ಪಾಠ ನೋಡುವುದಿದೆ, ಅದಕ್ಕೇ ಈ ಅವಸರ.

ನಿನ್ನ ಚಿಕ್ಕಮ್ಮ


ಜೂನ್ ೧೪

ಚಿಕ್ಕಮ್ಮಾ,

ನಕ್ಕೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗಾಳಿಯ ವೇಗ ಬರೆದುಕೊಳ್ಳುತ್ತಿದ್ದ ನಮ್ಮ ಹಿರಿಯ ಅಧಿಕಾರಿ "ಏನಮ್ಮ ಆಯ್ತು ನಿಂಗೆ?" ಎಂದು ಓಡಿ ಬಂದರು.

ಆದರೆ ಮೊದಲು ನನ್ನದೊಂದು ಪ್ರಶ್ನೆ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಮನುಷ್ಯನನ್ನು ಮನೆಯಲ್ಲೇ ಇಟ್ಟುಕೊಂಡು, ಸಮುದ್ರದ ನಡುವಿನ ಹವಾಮಾನ ಕೇಂದ್ರದಲ್ಲಿ ಇರುವ ನನ್ನನ್ನು ಯಾಕೆ ಕೇಳುತ್ತೀಯ? ಚಿಕ್ಕಪ್ಪ ಆ ಮೂರೂ ಡಬ್ಬಿಗಳನ್ನು ಕೈಯಲ್ಲಿ ತೂಗಿಯೇ ಹೇಳಿಬಿಡುತ್ತಿದ್ದರು.

ಇರಲಿ. ಗೋಡೆಯ ಮಾತು ಹೇಳುತ್ತೇನೆ. ರೌಟರ್ ಎರಡು ಬಗೆಯ ಅಲೆ ಕಳಿಸುತ್ತದೆ. ಒಂದು ದೂರ ಹೋಗುತ್ತದೆ, ಆದರೆ ನಿಧಾನ. ಇನ್ನೊಂದು ಬಹಳ ಚುರುಕು, ಗೋಡೆ ಕಂಡರೆ ಮಾತ್ರ ಸುಸ್ತು. ಇಟ್ಟಿಗೆ ಗೋಡೆಯಾದರೆ ಹೇಗೋ ತೂರುತ್ತದೆ, ದಪ್ಪ ಕಲ್ಲಾದರೆ ಉಸಿರುಗಟ್ಟುತ್ತದೆ, ಲೋಹವಾದರೆ ಹಾಗೇ ಹಿಂದಿರುಗುತ್ತದೆ. ನಿನ್ನ ಕನ್ನಡಿಯ ಹಿಂದೆ ಲೋಹದ ಲೇಪವಿದೆ. ಆದ್ದರಿಂದ ನೀನು ಕೇಳಿದ್ದು ಸರಿಯೇ, ಅಲೆ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಮೈಯೊಳಗೂ ಸ್ವಲ್ಪ ಹೋಗುತ್ತದೆ, ಹೆದರಬೇಡ. ಕೊಂಬು ಎಷ್ಟು ಎನ್ನುವುದಕ್ಕಿಂತ ಮನೆ ಹೇಗಿದೆ ಎನ್ನುವುದು ಮುಖ್ಯ. ನಾನು ಆ ಮನೆ ನೋಡಿಲ್ಲ. ಟೇಪು ಹಿಡಿದು ಅಳೆದು ಚಿತ್ರ ಬರೆದು ಕಳಿಸು. ಲ್ಯಾಪ್‌ಟಾಪ್ ಎಲ್ಲಿರುತ್ತದೆ ಹೇಳು. ಅದರ ಕೆಳಗೆ ಅಂಟಿಸಿದ ಚೀಟಿಯಲ್ಲಿ ಇರುವುದನ್ನೆಲ್ಲ ಹಾಗೇ ನಕಲು ಮಾಡು. ಹಳೆಯ ಲ್ಯಾಪ್‌ಟಾಪಿಗೆ ಹೊಸ ರೌಟರಿನ ವೇಗವೆಲ್ಲ ದಕ್ಕುವುದಿಲ್ಲ.

ಇಲ್ಲಿ ಫೋನಿಲ್ಲ, ಇರುವ ಒಂದು ಉಪಗ್ರಹ ಸಂಪರ್ಕ ಹವಾಮಾನದ ಅಂಕಿಗಳಿಗೇ ಮೀಸಲು, ತುರ್ತಿಗೆ ಮಾತ್ರ ಸಿಗುತ್ತದೆ. ಹೀಗಾಗಿ ಭಾನುವಾರದ ದೋಣಿಯೇ ನನ್ನ ರೌಟರ್.

ಇನ್ನೊಂದು ವಿಷಯ. ನಿನ್ನ ಪತ್ರದ ಕೊನೆಯಲ್ಲಿ ಚಿಕ್ಕಪ್ಪನ ಒಂದು ಸಾಲು ಇರುತ್ತಿತ್ತು. ಜನವರಿಯಲ್ಲಿ "ಆ ಗಾಳಿ ಅಳೆಯೋ ಕೆಲಸ ಬಿಟ್ಟು ಬಾ" ಎಂದು ಬರೆದಿದ್ದರು. ನಾನು ಸಿಟ್ಟಿನಲ್ಲಿ, "ನನ್ನ ಕೆಲಸ ನಿಮಗೆ ತಮಾಷೆಯೇ?" ಎಂದು ಬಾಯಿಗೆ ಬಂದಂತೆ ಬರೆದುಬಿಟ್ಟೆ. ಅಂದಿನಿಂದ ಒಂದು ಅಕ್ಷರವಿಲ್ಲ. ಇಲ್ಲಿ ಡಿಸೆಂಬರಿಗೆ ನನ್ನ ಒಂದು ವರ್ಷ ಮುಗಿಯುತ್ತದೆ. ಇನ್ನೂ ಮೂರು ವರ್ಷ ಇರುತ್ತೀಯಾ ಎಂದು ಕೇಳುತ್ತಿದ್ದಾರೆ. ಆಗಸ್ಟ್ ಮೂವತ್ತರ ದೋಣಿಗೆ ಸಹಿ ಹಾಕಿದ ಕಾಗದ ಕಳಿಸಬೇಕು. ಚಿಕ್ಕಪ್ಪ ಒಂದೇ ಒಂದು ಸಾಲು ಬರೆದರೆ ಸಹಿ ಹಾಕುವುದಿಲ್ಲ. ಬರೆಯದಿದ್ದರೆ ಹಾಕುತ್ತೇನೆ. ಇದನ್ನು ಅವರಿಗೆ ಹೇಳು.

ಯಾಕಮ್ಮ


ಜೂನ್ ೨೪

ಯಾಕಮ್ಮಾ,

ನಾನು ಚೆನ್ನಾಗಿದ್ದೇನೆ. ಇದರೊಳಗೆ ಮಡಿಸಿಟ್ಟಿರುವ ಬ್ರೌನ್ ಪೇಪರಿನಲ್ಲಿ, ಬಟ್ಟೆಗೆ ಬರೆಯುವ ಹಾಗೇ, ಮನೆಯ ಡ್ರಾಫ್ಟಿಂಗ್ ಇದೆ. ಒಂದಿಂಚಿಗೆ ಎರಡಡಿ. ಗೋಡೆಯ ದಪ್ಪ, ಬಾಗಿಲಿನ ಅಗಲ, ಕಿಟಕಿಯ ಎತ್ತರ, ಒಂದೂ ಬಿಟ್ಟಿಲ್ಲ. ಮನೆಗೂ ಸೊಂಟ, ತೋಳು, ಕತ್ತು ಎಲ್ಲ ಇರುತ್ತದೆ ಎಂದು ಈಗ ಗೊತ್ತಾಯಿತು. ತಂತಿ ಬರುವಲ್ಲಿ ಗುಂಡುಪಿನ್ನು ಚುಚ್ಚಿದ್ದೇನೆ. ಲ್ಯಾಪ್‌ಟಾಪ್ ಒಳಗಿನ ಕೋಣೆಯಲ್ಲಿರುತ್ತದೆ.

ನೀನು ಹೇಳಿದ್ದನ್ನು ಪರೀಕ್ಷೆ ಮಾಡದೆ ಬಿಡುತ್ತೇನೆಯೇ? ಟ್ರಾನ್ಸಿಸ್ಟರನ್ನು ಮಗುವಿನ ಹಾಗೆ ಸೊಂಟದಲ್ಲಿ ಎತ್ತಿಕೊಂಡು ಮನೆಯೆಲ್ಲ ಸುತ್ತಿದೆ. ಕನ್ನಡಿ ಹತ್ತಿರ ಗೊರ್ ಎಂದಿತು. ಅಡುಗೆಮನೆಯ ಸ್ಟೀಲ್ ಪಾತ್ರೆಗಳ ಪಕ್ಕದಲ್ಲಿ ಮೂಗಲ್ಲಿ ಮಾತಾಡಿತು. ಬೀರುವಿನೊಳಗಿಟ್ಟು ಬಾಗಿಲು ಹಾಕಿದೆ ನೋಡು, ವಾರ್ತೆ ಓದುವವಳ ಬಾಯೇ ಕಟ್ಟಿತು! ಅಂಗಿಯ ಅಳತೆ ಕೊಡಲು ಬಂದಿದ್ದ ಬ್ಯಾಂಕಿನವರು ನನ್ನನ್ನೇ ನೋಡುತ್ತಾ ನಿಂತಿದ್ದರು. "ಏನಿಲ್ಲ ಸಾರ್, ಅಲೆ ಹುಡುಕ್ತಿದೀನಿ" ಎಂದೆ. ಅವರು ಅಳತೆ ಕೊಡದೆ ಹೋದರು.

ಚೀಟಿ ನಕಲು ಮಾಡಿದ್ದೇನೆ. ಅದರಲ್ಲಿ ಎಂಟುನೂರ ಎರಡು ಅಂತ ಏನೋ ಇದೆ, ಪಕ್ಕದಲ್ಲಿ ಪುಟ್ಟ ಅಕ್ಷರಗಳು, ಕೊನೆಯದು ಎನ್.

ನಿನ್ನ ಚಿಕ್ಕಪ್ಪನಿಗೆ ಪತ್ರ ಪೂರ್ತಿ ಓದಿ ಹೇಳಿದೆ. ಅವರ ಮಾತು ಈಚೆಗೆ ಕಡಿಮೆಯಾಗಿದೆ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಸಹಿಗೆ ಅವಸರ ಮಾಡಬೇಡ.

ನಿನ್ನ ಚಿಕ್ಕಮ್ಮ


ಜುಲೈ ೫

ಚಿಕ್ಕಮ್ಮಾ,

ಡ್ರಾಫ್ಟಿಂಗ್ ನೋಡಿ ನಮ್ಮ ಹಿರಿಯ ಅಧಿಕಾರಿ, "ಇಷ್ಟು ಚೊಕ್ಕ ನಕ್ಷೆ ನಮ್ಮ ಕಚೇರಿಯಲ್ಲೇ ಇಲ್ಲ" ಎಂದರು.

ಎರಡು ಕೊಂಬಿನದು ತೆಗೆದುಕೋ, ಸಾಕು. ಮನೆ ಅಷ್ಟು ಚಿಕ್ಕದು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಇಟ್ಟಿಗೆ ಗೋಡೆ. ನಾಲ್ಕು ಕೊಂಬಿನದು ತಂದರೆ ಪುಟ್ಟ ಮಗುವಿಗೆ ದೊಡ್ಡವರ ಕೋಟು ಹಾಕಿದ ಹಾಗಾಗುತ್ತದೆ. ಚೀಟಿಯಲ್ಲಿ ಎನ್ ಇದ್ದರೆ ಲ್ಯಾಪ್‌ಟಾಪ್ ಏಳೆಂಟು ವರ್ಷ ಹಳೆಯದು, ಅದಕ್ಕೆ ಎರಡು ಕೊಂಬಿನದೇ ಜೋಡಿ. ತಲೆಗಿಂತ ಎತ್ತರದಲ್ಲಿ, ಕನ್ನಡಿಯಿಂದ ದೂರ ಇಡು. ಗೋಡೆ ಮೂಲೆಗೆ ಒತ್ತಬೇಡ.

ಚಿಕ್ಕಪ್ಪನ ಮಾತು ಕಡಿಮೆಯಾಗಿದೆ ಎಂದು ಬರೆದೆ. ಅರ್ಥವಾಯಿತು. ನಿನ್ನ ಚಿತ್ರದಲ್ಲಿ ನನಗೊಂದು ಚಾಪೆ ಹಾಸುವ ಜಾಗವೂ ಕಾಣಲಿಲ್ಲ. ಆರನೇ ವಯಸ್ಸಿನಿಂದ ನಿಮ್ಮಿಬ್ಬರ ನಡುವೆ ಮಲಗಿ ಬೆಳೆದವಳು ನಾನು. ಮೆಟ್ಟಿಲು ಹತ್ತಲು ಗಿರಾಕಿಗಳಿಗೆ ಕಷ್ಟ ಎಂದು ಮನೆ ಬದಲಾಯಿಸಿದಿರಿ, ಸರಿ. ಬದಲಾಯಿಸುವಾಗ ನಾನೂ ಒಬ್ಬಳಿದ್ದೇನೆ ಎಂದು ನೆನಪಾಗಲಿಲ್ಲವೇ? ಕೇಳಬಾರದಿತ್ತು. ಕೇಳಿಬಿಟ್ಟೆ.

ಯಾಕಮ್ಮ


ಜುಲೈ ೧೭

ಯಾಕಮ್ಮಾ,

ನೀನು ಬರೆದ ಕೊನೆಯ ಮಾತು ಏನೆಂದೇ ನನಗೆ ಅರ್ಥವಾಗಲಿಲ್ಲ. ಜಾಗಕ್ಕೇನು, ಬೇಕಾದಷ್ಟಿದೆ. ಚಿತ್ರದಲ್ಲಿ ಕಾಣುತ್ತದಲ್ಲ? ಏನೋ ಬೇಜಾರಿನಲ್ಲಿ ಬರೆದಿದ್ದೀಯ ಎಂದುಕೊಂಡೆ.

ಎರಡು ಕೊಂಬಿನದು ತಂದೆ. ಅಂಗಡಿ ಕೋಣೆಯಲ್ಲಿ ಏನು ಓಟ ಅಂತೀಯ! ಬೀಳುವ ನೀರಿನ ಹಾಗೆ ಬರುತ್ತದೆ. ಅಡುಗೆಮನೆಯಲ್ಲೂ ಪರವಾಗಿಲ್ಲ. ಒಳಗಿನ ಕೋಣೆಗೆ ಹೋದರೆ ಮಾತ್ರ ಗ್ರಹಚಾರ. ಕಲಿಸುವವರ ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಡುತ್ತದೆ. ದನಿ ಬಂದಾಗ ಬಾಯಿ ಅಲ್ಲಾಡುವುದಿಲ್ಲ, ಬಾಯಿ ಅಲ್ಲಾಡಿದಾಗ ದನಿ ಇಲ್ಲ. ತುಟಿ ಹೇಗೆ ತಿರುಗುತ್ತದೆ, ನಾಲಗೆ ಎಲ್ಲಿ ಮುಟ್ಟುತ್ತದೆ ಎಂದು ಕಾಣದಿದ್ದರೆ ಪಾಠವೇನು ಬಂತು? ವಾರಕ್ಕೆ ಮೂರೇ ಪಾಠ. ನಿನ್ನೆಯದು ಪೂರ್ತಿ ಹಾಳಾಯಿತು. ಲ್ಯಾಪ್‌ಟಾಪನ್ನು ಅಂಗಡಿಗೆ ತರುವ ಹಾಗಿಲ್ಲ, ಅಲ್ಲೇ ಆಗಬೇಕು.

ಬೇಗ ಉಪಾಯ ಬರೆ ಕಂದಾ. ಒಂದೊಂದು ಪಾಠವೂ ಮುಖ್ಯ.

ನಿನ್ನ ಚಿಕ್ಕಮ್ಮ


ಜುಲೈ ೨೬

ಚಿಕ್ಕಮ್ಮಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಹವಾಮಾನದ ಬೆಲೂನು ಹಾರಿಸುವ ಹೊತ್ತು ಮೀರಿ ಬೈಸಿಕೊಂಡೆ. ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದ ನನಗೆ ಯಾಕಮ್ಮ ಎಂದು ಹೆಸರಿಟ್ಟವರು ನೀವೇ, ಈಗ ಅನುಭವಿಸಿ.

ಕಟಿಂಗ್ ಕಲಿಸುವವರ ಕೈ ನೋಡಬೇಕು. ನೀನು ಬಾಯಿ ನೋಡುವುದು ಯಾಕೆ? ಬಟ್ಟೆ ಕತ್ತರಿಸಲು ನಾಲಗೆ ಎಲ್ಲಿ ಮುಟ್ಟಬೇಕು?

ಒಳಗಿನ ಕೋಣೆ ಎಂದರೆ ಅಡುಗೆಮನೆ ಎಂದುಕೊಂಡಿದ್ದೆ. ಅದು ಬೇರೆ, ಇದು ಬೇರೆ ಎಂದು ಬರೆದಿದ್ದೀಯ. ನಿನ್ನ ಚಿತ್ರದಲ್ಲಿ ಇರುವುದು ಎರಡೇ ಕೋಣೆ. ಮೂರನೆಯದು ಎಲ್ಲಿಂದ ಬಂತು?

ಲ್ಯಾಪ್‌ಟಾಪ್ ಎನ್ನುವುದೇ ಎತ್ತಿಕೊಂಡು ಓಡಾಡಲು ಇರುವ ವಸ್ತು. ಅದನ್ನು ಅಂಗಡಿಗೆ ತರಲು ಆಗದಷ್ಟು ಭಾರವಾದದ್ದು ಏನು?

ಇನ್ನೂ ಒಂದು. ಹಳೆಯ ಪತ್ರಗಳನ್ನೆಲ್ಲ ತೆಗೆದು ನೋಡಿದೆ. ಜನವರಿಯವರೆಗೆ "ನಾವಿಬ್ಬರೂ ಚೆನ್ನಾಗಿದ್ದೇವೆ" ಎಂದು ಶುರು ಮಾಡುತ್ತಿದ್ದೆ. ಮಾರ್ಚಿನಿಂದ "ನಾನು ಚೆನ್ನಾಗಿದ್ದೇನೆ" ಎಂದಿದೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ.

ಸಹಿಯ ಕಾಗದ ತುಂಬಿ ಮೇಜಿನ ಮೇಲಿಟ್ಟಿದ್ದೇನೆ. ಹೆಸರು ಬರೆಯುವುದೊಂದು ಬಾಕಿ. ಉಪಾಯ ಆಮೇಲೆ ಹೇಳುತ್ತೇನೆ, ಮೊದಲು ನಿಜ ಹೇಳು. ಚಿಕ್ಕಪ್ಪ ಎಲ್ಲಿ?

ಯಾಕಮ್ಮ


ಆಗಸ್ಟ್ ೭

ಕಂದಾ,

ನಿನ್ನ ಚಿಕ್ಕಪ್ಪ ಮಡಿಕೆಯ ಆಚೆಯ ಕೋಣೆಯಲ್ಲಿದ್ದಾರೆ.

ಅಯ್ಯೋ, ನನ್ನ ಬುದ್ಧಿಗೆ ಏನೆನ್ನಲಿ! ನಿನ್ನ ಪತ್ರ ಓದಿ ಡ್ರಾಫ್ಟಿಂಗಿನ ನಕಲು ಹರವಿಕೊಂಡು ಕೂತಾಗ ಹೊಳೆಯಿತು. ಈ ಮನೆಗೆ ನಡುವೆ ಒಂದು ದಪ್ಪ ಕಲ್ಲಿನ ಗೋಡೆ, ಅದರ ಎರಡು ಪಕ್ಕವೂ ಒಂದೇ ಅಳತೆ. ಎರಡು ಪಕ್ಕವೂ ಒಂದೇ ಆಗಿದ್ದರೆ ಅರ್ಧ ಬರೆದು, ಮಡಿಕೆಯ ಕಡೆ ಚುಕ್ಕಿಗೆರೆ ಎಳೆದು ಬಿಡುವುದು ನಲವತ್ತು ವರ್ಷದ ಕೈರೂಢಿ. ಕುಪ್ಪಸದ ಬೆನ್ನನ್ನು ಯಾರಾದರೂ ಪೂರ್ತಿ ಬರೆಯುತ್ತಾರೆಯೇ? ಮಡಿಸಿದ ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ ಬಿಚ್ಚಿದಾಗ ಇನ್ನರ್ಧ ತಾನೇ ಬರುತ್ತದೆ. ಮನೆಯನ್ನೂ ಹಾಗೇ ಬರೆದೆ. ನಿನಗೆ ಗೊತ್ತಾಗುತ್ತದೆ ಎಂದುಕೊಂಡೆ, ದರ್ಜಿ ಮನೆಯ ಹುಡುಗಿ ತಾನೇ. ಈಗ ಪೂರ್ತಿ ಬರೆದು ಇಟ್ಟಿದ್ದೇನೆ, ಬಿಚ್ಚಿ ನೋಡು. ಅಂಗಡಿಯ ಜೋಡಿ ಅವರ ಕೋಣೆ. ಅಡುಗೆಮನೆಯ ಜೋಡಿ ನಿನ್ನದು. ಬೆಳಗಿನ ಬಿಸಿಲು ಬೀಳುವ ಕಿಟಕಿ ಇದೆ, ಮಂಚವಿದೆ, ನಿನ್ನ ಪುಸ್ತಕದ ಪೆಟ್ಟಿಗೆ ಇದೆ. ದಿನಾ ಕಸ ಗುಡಿಸುತ್ತೇನೆ. ಚಾಪೆ ಹಾಸುವ ಜಾಗವಂತೆ!

ಫೆಬ್ರವರಿಯಲ್ಲಿ ಬೆಳಗ್ಗೆ ಕಾಫಿ ಲೋಟ ಅವರ ಕೈಯಿಂದ ಜಾರಿತು. ಮಾತಾಡಲು ಹೋದರು, ಬಾಯಿ ಒಂದು ಕಡೆಗೆ ಎಳೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಲ್ಲಿ ನಿನಗೆ ತಿಳಿಸುತ್ತೇನೆ ಎಂದೆ. ಎಡಗೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ತಲೆ ಅಲ್ಲಾಡಿಸಿದರು. ವರ್ಷ ಪೂರ್ತಿ ಮಾಡದಿದ್ದರೆ ನಿನ್ನ ಕೆಲಸ ಕಾಯಂ ಆಗುವುದಿಲ್ಲ ಎಂದು ಅವರಿಗೆ ಗೊತ್ತು. ಬಿಟ್ಟು ಬಾ ಎಂದು ಬರೆದವರೂ ಅವರೇ, ಬಿಡಿಸಬೇಡ ಎಂದು ಹಟ ಹಿಡಿದವರೂ ಅವರೇ. ನಿನ್ನ ಆ ಸಿಟ್ಟಿನ ಪತ್ರ ಬಂದದ್ದು ಆಮೇಲೆ. ಓದಿ ಹೇಳಿದೆ. ಅರ್ಧ ಬಾಯಲ್ಲಿ ನಕ್ಕರು ಕಣೇ. ಎಷ್ಟೋ ದಿನದ ಮೇಲೆ ನಕ್ಕಿದ್ದರು.

ಎಡಗೈಯಲ್ಲಿ ಬರೆಯಬಲ್ಲರು, ಕಷ್ಟಪಟ್ಟು. ಆದರೆ ಆ ಸೊಟ್ಟ ಅಕ್ಷರ ನೋಡಿದರೆ ನಿನಗೆ ತಿಳಿದುಬಿಡುತ್ತದೆ ಎಂದು ಬರೆಯಲೇ ಇಲ್ಲ. ಅವರು ಬರೆಯದಿರುವುದನ್ನು ನೀನು ಸಿಟ್ಟು ಎಂದುಕೊಂಡೆ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನನ್ನದು, ಬೈದುಕೋ.

ಮೆಟ್ಟಿಲು ಬೇಡವೆಂದು ಈ ಮನೆಗೆ ಬಂದದ್ದು ಅವರಿಗಾಗಿ. ಮಾತು ಕಲಿಸುವ ಟೀಚರ್ ಬೇರೆ ಊರಿನಲ್ಲಿದ್ದಾರೆ, ಲ್ಯಾಪ್‌ಟಾಪಿನಲ್ಲಿ ಪಾಠ. ಟೀಚರ್ ತುಟಿ ನೋಡಿ ಇವರು ತಮ್ಮದನ್ನು ಹಾಗೇ ತಿರುಗಿಸಬೇಕು. ಮಂಚದಿಂದ ಅಂಗಡಿಗೆ ಕರೆತಂದರೆ ಗಿರಾಕಿಗಳ ಕಣ್ಣೆದುರು ಬಾಯಿಯೇ ತೆರೆಯುವುದಿಲ್ಲ. ಟೀಚರ್ ಹೇಳಿದ್ದಾರೆ, ಮೊದಲ ತಿಂಗಳುಗಳಲ್ಲಿ ಕಲಿತದ್ದೇ ಹೆಚ್ಚು ಉಳಿಯುತ್ತದಂತೆ. ಈವರೆಗೆ ಒಂದು ಮಾತೂ ಬಂದಿಲ್ಲ.

ಸಹಿ ನಿನ್ನಿಷ್ಟ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಅಲೆಯನ್ನು ಮಾತ್ರ ಆ ಗೋಡೆ ದಾಟಿಸಿಕೊಡು.

ನಿನ್ನ ಚಿಕ್ಕಮ್ಮ


ಆಗಸ್ಟ್ ೧೬

ಚಿಕ್ಕಮ್ಮಾ,

ನಿನ್ನ ಮೇಲೆ ತುಂಬ ಸಿಟ್ಟು ಬಂದಿದೆ. ನಿನ್ನ ಕಾಗದದ ಮೇಲೆಲ್ಲ ಅತ್ತು ಕಿಟಕಿಯ ಅಳತೆ ಅಳಿಸಿಹೋಗಿದೆ. ನನಗೂ ಬುದ್ಧಿಯಿಲ್ಲ. ನಮ್ಮ ಹವಾಮಾನದ ನಕ್ಷೆಯಲ್ಲಿ ಚುಕ್ಕಿಗೆರೆ ಎಂದರೆ ಗಡಿ, ಅಲ್ಲಿಗೆ ಮುಗಿಯಿತು. ನಿನ್ನ ಮೇಜಿನ ಕೆಳಗೆ ಚೂರು ಬಟ್ಟೆ ಹೆಕ್ಕುತ್ತಾ ಬೆಳೆದವಳಿಗೆ ಅದು ಮಡಿಕೆ ಎಂದು ಹೊಳೆಯಲಿಲ್ಲ.

ಉಳಿದದ್ದೆಲ್ಲ ಆಮೇಲೆ. ಈಗ ಕೆಲಸ. ನಡುವಿನ ಗೋಡೆ ಕಲ್ಲಿನದು, ಹದಿನೆಂಟು ಇಂಚು. ಅಂಥದಕ್ಕೆ ನಾಲ್ಕು ಕೊಂಬಲ್ಲ, ನಲವತ್ತು ಕೊಂಬಿದ್ದರೂ ಅಷ್ಟೇ. ಗೋಡೆಯ ಜೊತೆ ಜಗಳ ಬೇಡ, ಬಳಸಿಕೊಂಡು ಹೋಗೋಣ. ಈಗಿರುವುದು ಅಲ್ಲೇ ಇರಲಿ. ಅದೇ ಥರದ ಇನ್ನೊಂದು ತಾ. ತಂತಿಯವನು ಮೊದಲನೆಯದರ ಹಿಂದಿನಿಂದ ಒಂದು ತಂತಿ ಎಳೆದು, ನಡುಬಾಗಿಲಿನ ಚೌಕಟ್ಟಿನ ಮೇಲಿಂದ ದಾಟಿಸಿ, ಚಿಕ್ಕಪ್ಪನ ಕೋಣೆಯ ಎರಡನೆಯದಕ್ಕೆ ಸಿಕ್ಕಿಸಲಿ. ಅದನ್ನು ಅವರ ಮಂಚದಿಂದ ಕಾಣುವ ಹಾಗೆ ಬೀರುವಿನ ಮೇಲೆ ಇಡು. ತಂತಿಯವನಿಗೆ ಈ ಚೀಟಿ ತೋರಿಸು, ಹಿಂದೆ ಚಿತ್ರ ಬರೆದಿದ್ದೇನೆ. ಪೂರ್ತಿ ಚಿತ್ರ!

ಅವರಿಗೆ ಹೀಗೆ ಹೇಳು: ನನ್ನ ಒರಟು ಮಾತಿಗೆ ನೂರು ಸಲ ತಪ್ಪಾಯಿತು. ಕೆಲಸ ಕಾಯಂ ಆಗಲು ಡಿಸೆಂಬರ್ ಸಾಕು. ಅದರಾಚೆ ಮೂರು ವರ್ಷದ ಕಾಗದ ಇನ್ನೂ ಹಾಗೇ ಇದೆ. ದುಡ್ಡು, ಔಷಧಿ ಎಂದು ಯೋಚಿಸಿದರೆ ಸಹಿ ಹಾಕುವುದೇ ಸರಿ ಎನಿಸುತ್ತದೆ, ನಿಮ್ಮ ಪಕ್ಕದಲ್ಲಿ ಕೂರಬೇಕು ಎಂದೂ ಎನಿಸುತ್ತದೆ. ಅವರೇ ಹೇಳಲಿ. ತಲೆ ಆಡಿಸಿದರೂ ಸಾಕು. ಮೂವತ್ತರ ದೋಣಿ ಬರುವ ತನಕ ಕಾಯುತ್ತೇನೆ.

ಯಾಕಮ್ಮ


ಆಗಸ್ಟ್ ೨೫

ಯಾಕಮ್ಮಾ,

ಕೂತುಕೊಂಡು ಓದು.

ಎರಡನೆಯ ಡಬ್ಬಿ ಬಂತು. ತಂತಿಯವನು ನಿನ್ನ ಚೀಟಿ ನೋಡಿ, "ಯಾರ್ ಬರೆದಿದ್ದು ಇದು, ಇಂಜಿನಿಯರಾ?" ಎಂದ. "ನಮ್ಮ ಹುಡುಗಿ" ಎಂದೆ, ಸ್ವಲ್ಪ ಜಂಬದಿಂದಲೇ. ಚೌಕಟ್ಟಿನ ಮೇಲಿಂದ ತಂತಿ ಎಳೆದು ಬೀರುವಿನ ಮೇಲೆ ಡಬ್ಬಿ ಇಟ್ಟ. ಹಸಿರು ದೀಪಗಳು ಹತ್ತಿದವು. ನಿನ್ನ ಚಿಕ್ಕಪ್ಪ ಮಂಚದಿಂದ ಅದನ್ನೇ ನೋಡುತ್ತಿದ್ದರು, ಹಿಂದೆ ರೇಡಿಯೋ ಬಿಚ್ಚಿಟ್ಟು ನೋಡುತ್ತಿದ್ದರಲ್ಲ, ಅದೇ ನೋಟ.

ಮರುದಿನ ಪಾಠ ಶುರುವಾದರೆ ಮತ್ತೆ ಅದೇ ಹಾಡು! ಟೀಚರ್ ಬಾಯಿ ಅರ್ಧ ತೆರೆದು ನಿಂತಿತು. ನನಗೆ ಅಳುವೇ ಬಂತು. ಡಬ್ಬಿಯನ್ನು ಬೈದೆ, ತಂತಿಯವನನ್ನು ಬೈದೆ, ಕ್ಷಮಿಸು, ನಿನ್ನನ್ನೂ ಒಂದು ಮಾತು ಬೈದೆ. ಲ್ಯಾಪ್‌ಟಾಪನ್ನು ಎತ್ತಿ, ತಿರುಗಿಸಿ, ಕುಟ್ಟಿ ನೋಡುತ್ತಿದ್ದೆ. ಆಗ ಹಿಂದಿನಿಂದ ಒಂದು ದನಿ ಬಂತು.

"ಯಾ... ಯಾಕೆ?"

ತಿರುಗಿ ನೋಡಿದೆ. ಎಡಗೈ ಎತ್ತಿ ಬೀರುವಿನ ಕಡೆ ಬೆರಳು ತೋರಿಸುತ್ತಿದ್ದಾರೆ. ಮುಖ ಕೆಂಪಾಗಿದೆ. ಮತ್ತೆ, ಈ ಸಲ ಜೋರಾಗಿ, ನನ್ನ ಮೇಲೆ ಸಿಟ್ಟಾದಾಗ ಕೇಳುತ್ತಿದ್ದ ಹಾಗೇ, "ಯಾಕೆ ಅದು?"

ಏನೆಂದು ಹೇಳಲಿ ಮಾರಾಯ್ತಿ. ಡಬ್ಬಿ ಮುಟ್ಟಿದರೆ ಬೆಚ್ಚಗಿತ್ತು, ಬೀರುವಿನ ಬಣ್ಣ ಸುಟ್ಟೀತು, ಧೂಳೂ ಕೂತೀತು ಎಂದು ಹಿಂದಿನ ಸಂಜೆ ಅದಕ್ಕೊಂದು ಅಂಗಿ ಹೊಲಿದು ತೊಡಿಸಿದ್ದೆ. ಇಸ್ತ್ರಿ ಮೇಜಿಗೆ ಹಾಕುವ, ಬಿಸಿ ತಡೆಯುವ ಬೆಳ್ಳಿ ಬಟ್ಟೆ ಉಳಿದಿತ್ತಲ್ಲ, ಅದರದೇ. ಎರಡು ಪದರ, ಒಳಗೆ ಲೈನಿಂಗು, ಕೊಂಬುಗಳಿಗೆ ತೋಳು ಬೇರೆ! ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತಾ. ಬೆಳ್ಳಿ ಬಣ್ಣ ಎಂದರೆ ಲೋಹದ ಲೇಪ ಎಂದು ನನಗೇನು ಗೊತ್ತು? ಅವರಿಗೆ ಗೊತ್ತಿತ್ತು. ಬಾಯಿ ಬಾರದೆ ಬೆಳಗಿನಿಂದ ಅದನ್ನೇ ನೋಡುತ್ತಾ ಮಲಗಿದ್ದರು.

ಸ್ಟೂಲು ಹತ್ತಿ ಕಿತ್ತು ತೆಗೆದೆ. ಆ ಕ್ಷಣ ಟೀಚರ್ ತುಟಿ ಅಲ್ಲಾಡಿತು, ದನಿಯೂ ಜೊತೆಗೇ ಬಂತು. "ಕೇಳಿಸ್ತಿದೆಯಾ ಸಾರ್?" ಎಂದರು. ನಾನು ಸ್ಟೂಲಿನ ಮೇಲೆ ನಿಂತೇ, "ಮೇಡಂ, ಇವರು ಮಾತಾಡಿದ್ರು! ಯಾಕೆ ಅಂದ್ರು!" ಎಂದು ಕಿರುಚಿದೆ. ಅವರು ಆರು ವಾರದಿಂದ "ನೀರು" ಹೇಳಿಸಲು ಒದ್ದಾಡುತ್ತಿದ್ದರು. "ಆ ಪದ ನನ್ನ ಪಟ್ಟಿಯಲ್ಲೇ ಇರ್ಲಿಲ್ಲವಲ್ಲ, ಎಲ್ಲಿಂದ ಬಂತು?" ಎಂದು ಕೇಳಿದರು. ಇಪ್ಪತ್ತು ವರ್ಷ ದಿನಕ್ಕೆ ಐವತ್ತು ಸಲ ಆ ಪದ ಕೇಳಿದ ಮನೆ ಇದು ಎಂದು ಹೇಳಿದೆ.

ಸಂಜೆ ನಿನ್ನ ಪತ್ರ ಅವರಿಗೆ ಓದಿ ಹೇಳಿದೆ. ಕೊನೆಯ ತನಕ ಕೇಳಿಸಿಕೊಂಡರು. "ಸಹಿ ಹಾಕ್ಲಾ ಅಂತ ಕೇಳ್ತಾಳೆ, ತಲೆ ಆಡ್ಸಿ ಸಾಕು" ಎಂದೆ. ತಲೆ ಆಡಿಸಲಿಲ್ಲ. ಲ್ಯಾಪ್‌ಟಾಪನ್ನು ತೋರಿಸಿದರು, ಆಮೇಲೆ ಗೋಡೆಯಾಚೆ ನಿನ್ನ ಕೋಣೆಯನ್ನು ತೋರಿಸಿದರು. ಅದನ್ನು ಅಲ್ಲಿಗೆ ಒಯ್ದು ನಿನ್ನ ಮಂಚದ ಮೇಲಿಟ್ಟು, ಇಂಟರ್ನೆಟ್‌ನಲ್ಲಿ ಟೀಚರ್ ಪಾಠದ ಹಳೆಯ ವಿಡಿಯೋ ಹಾಕಿದೆ. ಒಂದು ಸಲವೂ ನಿಲ್ಲದೆ ಓಡಿತು. ಬಂದು ಹೇಳಿದೆ. ಆಗ ಕೈಸನ್ನೆ ಮಾಡಿ ಪೆನ್ನು ಕೇಳಿದರು.

ಕೆಳಗಿರುವ ಅವರ ಸಾಲಿಗೆ ಎರಡು ದಿನ ಹಿಡಿಯಿತು. ಮೂರು ಕಾಗದ ಹರಿದು ಹಾಕಿದರು. ನಾನು ಬರೆದುಕೊಡುತ್ತೇನೆ ಎಂದರೆ ದುರುಗುಟ್ಟಿ ನೋಡಿದರು. ಮೂವತ್ತರ ದೋಣಿಗೆ ಸಿಗಲೆಂದು ಈಗ ನಾನೇ ಅಂಚೆ ಕಚೇರಿಗೆ ಓಡುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ.

ನಿನ್ನ ಚಿಕ್ಕಮ್ಮ

ನಿನ್ನ ರೂಮಲ್ಲೂ ಸಿಗುತ್ತೆ. ಬಾ.